ಪಿಸಿಒಎಸ್ ಮತ್ತು ತೂಕ: ಯಾವ ಮಾತ್ರೆ ಯಾವುದಕ್ಕೆ, ಯಾವ ಊಟ ಎಷ್ಟು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಪಿಸಿಒಎಸ್, ಅಂದರೆ ನಮ್ಮ ಕಡೆ ಹೆಚ್ಚಾಗಿ ಪಿಸಿಒಡಿ ಎಂದೇ ಕರೆಯುವ, ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ ಮತ್ತು ಅದರೊಂದಿಗೆ ಏರುವ ತೂಕವನ್ನು ಕುರಿತವಾಗಿದ್ದವು. ಹಾಗಾಗಿ ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಪೂರ್ತಿ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಓದುತ್ತಿದ್ದಾಗ ಒಂದು ಸಂಗತಿ ಎದ್ದು ಕಂಡಿತು. ಬರೆದವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿದ್ದಾರೆ, ಆದರೆ ಅದನ್ನು ಯಾವುದಕ್ಕಾಗಿ ಬರೆದುಕೊಟ್ಟಿದ್ದಾರೆ ಎಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ. ಮುಟ್ಟಿಗೆಂದು ಕೊಟ್ಟ ಮಾತ್ರೆಯಿಂದ ತೂಕ ಇಳಿಯಲೆಂದು ಕೆಲವರು ಕಾಯುತ್ತಿದ್ದಾರೆ. ಇನ್ಸುಲಿನ್ ತೊಂದರೆಗೆಂದು ಕೊಟ್ಟದ್ದನ್ನು ತೂಕ ಇಳಿಯಲಿಲ್ಲವೆಂದು ಇನ್ನು ಕೆಲವರು ಬಿಟ್ಟಿದ್ದಾರೆ. ಔಷಧದ ಪ್ರಮಾಣವನ್ನು ನಿಮ್ಮನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ಇಲ್ಲಿಯ ಅಂಕಿಗಳು ಅವರೊಡನೆ ಮಾತನಾಡಲು ನಿಮಗೆ ನೆರವಾಗಲೆಂದು ಕೊಟ್ಟವು.

ಪ್ರಶ್ನೆ: ನನಗೆ 27 ವರ್ಷ. ಎತ್ತರ 156 ಸೆಂ.ಮೀ., ತೂಕ 74 ಕೆ.ಜಿ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತಿದೆ. ವೈದ್ಯರು ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆರಡರಂತೆ ಕೊಟ್ಟಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಮೂರು ತಿಂಗಳಲ್ಲಿ ಇಳಿದಿರುವುದು ಎರಡೇ ಕೆ.ಜಿ., ಹೊಟ್ಟೆ ಮಾತ್ರ ದಿನವೂ ಕೆಡುತ್ತದೆ. ಈ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆ ಎಂದು ನೆಂಟರು ಹೆದರಿಸಿದ್ದಾರೆ. ಬಿಡಲೇ?
— ಓದುಗರು, ತುಮಕೂರು

ಉತ್ತರ: ವೈದ್ಯರನ್ನು ಕೇಳದೆ ಬಿಡಬೇಡಿ. ಮೊದಲು ಅದು ನಿಮ್ಮ ದೇಹದಲ್ಲಿ ಏನು ಮಾಡುತ್ತಿದೆ ಎಂಬುದನ್ನು ತಿಳಿದುಕೊಳ್ಳಿ.

ಪಿಸಿಒಎಸ್ ಇರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ ಸ್ನಾಯು ಮತ್ತು ಯಕೃತ್ತಿನ ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡಲು ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಆದ್ದರಿಂದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಸಹಜವಾಗಿಯೇ ಕಾಣುತ್ತಿರುತ್ತದೆ. ಹೀಗೆ ಏರಿದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಟೆಸ್ಟೊಸ್ಟಿರೋನ್‌ನಂಥ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಅದೇ ವೇಳೆಗೆ, ಆ ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆಯೂ ಮಾಡುತ್ತದೆ. ಗಲ್ಲದ ಕೂದಲು, ಮೊಡವೆ, ಅಂಡ ಬಲಿತು ಹೊರಬರದೆ ಮುಟ್ಟು ಮುಂದೂಡುವುದು, ಇವೆಲ್ಲಕ್ಕೂ ಬೇರು ಇಲ್ಲಿದೆ. ಸ್ಕ್ಯಾನಿನಲ್ಲಿ ‘ಸಿಸ್ಟ್’ ಎಂದು ಬರೆದಿರುವುದು ಕೂಡ ನಿಜವಾದ ಗಂಟುಗಳಲ್ಲ. ಅರ್ಧಕ್ಕೆ ಬೆಳೆದು ನಿಂತ ಅಂಡದ ಕಿರುಚೀಲಗಳು. ಅವುಗಳನ್ನು ಕರಗಿಸುವ ಅಗತ್ಯವೂ ಇಲ್ಲ, ತೆಗೆಯಿಸುವ ಅಗತ್ಯವೂ ಇಲ್ಲ. ಹೊಟ್ಟೆಯ ಸುತ್ತ ಬೊಜ್ಜು ಕೂಡಿದಷ್ಟೂ ಇನ್ಸುಲಿನ್ ತೊಂದರೆ ಬಿಗಡಾಯಿಸುತ್ತದೆ, ಇನ್ಸುಲಿನ್ ಏರಿದಷ್ಟೂ ಬೊಜ್ಜು ಕೂಡುತ್ತದೆ.

ಮೆಟ್‌ಫಾರ್ಮಿನ್ ಕೆಲಸ ಮಾಡುವುದು ಈ ಇನ್ಸುಲಿನ್ನಿನ ಮೇಲೆ. ಅದು ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ತಗ್ಗಿಸಿ, ದೇಹ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುವುದು ಇದೇ ಕಾರಣಕ್ಕೆ. ತೂಕ ಇಳಿಸುವುದು ಅದರ ಮುಖ್ಯ ಕೆಲಸವಲ್ಲ. ಸರಾಸರಿ ಎರಡು ಮೂರು ಕೆ.ಜಿ.ಗಿಂತ ಹೆಚ್ಚನ್ನು ಈ ಮಾತ್ರೆಯೊಂದರಿಂದಲೇ ನಿರೀಕ್ಷಿಸುವುದು ಸರಿಯಲ್ಲ. ಆ ಲೆಕ್ಕದಲ್ಲಿ ನಿಮ್ಮ ಮಾತ್ರೆ ಸೋತಿಲ್ಲ. ಇನ್ನೊಂದು ಲೆಕ್ಕವನ್ನೂ ನೋಡಿ: ಈಗಿರುವ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ಹತ್ತಿರವಾಗುತ್ತದೆ, ಪುರುಷ ಹಾರ್ಮೋನು ತಗ್ಗುತ್ತದೆ. ನಿಮ್ಮ ಮಟ್ಟಿಗೆ ಶೇ. 5 ಎಂದರೆ 3.7 ಕೆ.ಜಿ. ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದವರು ನೀವು ‘ಎರಡೇ’ ಎಂದು ಬರೆದಿದ್ದೀರಿ. ಮದುವೆಯ ಹೊತ್ತಿಗೆ 55 ಕೆ.ಜಿ.ಗೆ ಬರಬೇಕು ಎಂಬಂಥ ಗುರಿಗಳನ್ನು ಮನೆಯವರು ಹೊರಿಸುವುದನ್ನು ನಾನು ನೋಡಿದ್ದೇನೆ. ಅಂಡಾಶಯಕ್ಕೆ ಆ ಸಂಖ್ಯೆಯೊಂದಿಗೆ ಸಂಬಂಧವಿಲ್ಲ.

ಹೊಟ್ಟೆ ಕೆಡುವುದಕ್ಕೆ ಪರಿಹಾರವಿದೆ. ದಿನಕ್ಕೆ ಒಂದು 500 ಮಿ.ಗ್ರಾಂ. ಮಾತ್ರೆಯಿಂದ ಆರಂಭಿಸಿ, ಒಂದೆರಡು ವಾರಕ್ಕೊಮ್ಮೆ ಏರಿಸುತ್ತಾ ಹೋಗುವುದು ಒಳ್ಳೆಯ ಕ್ರಮ. ಬರಿಹೊಟ್ಟೆಯಲ್ಲಿ ಬೇಡ, ಊಟದ ನಡುವೆ ಅಥವಾ ಊಟವಾದ ತಕ್ಷಣ ತೆಗೆದುಕೊಳ್ಳಿ. ಸಾಮಾನ್ಯ ಮಾತ್ರೆ ಒಗ್ಗದಿದ್ದರೆ, ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಅಥವಾ ಎಕ್ಸ್‌ಆರ್ ಮಾತ್ರೆಗೆ ಬದಲಾಯಿಸುವಂತೆ ವೈದ್ಯರನ್ನು ಕೇಳಿ. ಅದನ್ನು ಮುರಿಯದೆ, ಜಗಿಯದೆ ನುಂಗಬೇಕು. ಕೆಲವೊಮ್ಮೆ ಅದರ ಹೊರಕವಚ ಮಲದಲ್ಲಿ ಇಡಿಯಾಗಿ ಕಾಣಿಸಬಹುದು. ಔಷಧ ಒಳಗೆ ಸೇರಿರುತ್ತದೆ, ಗಾಬರಿ ಬೇಡ. ವಯಸ್ಕರಿಗೆ ದಿನದ ಗರಿಷ್ಠ ಪ್ರಮಾಣ 2.5 ಗ್ರಾಂ ಆಗಿರುವುದರಿಂದ, ನಿಮ್ಮ ದಿನಕ್ಕೊಂದು ಗ್ರಾಂ ದೊಡ್ಡ ಪ್ರಮಾಣವೇನಲ್ಲ.

ಕಿಡ್ನಿಯ ವಿಷಯದಲ್ಲಿ ನಿಮ್ಮ ನೆಂಟರು ಕಾರಣ ಮತ್ತು ಎಚ್ಚರಿಕೆಯನ್ನು ಅದಲುಬದಲು ಮಾಡಿದ್ದಾರೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವಾದ್ದರಿಂದ, ಕಿಡ್ನಿ ಮೊದಲೇ ತೀವ್ರವಾಗಿ ಕೆಟ್ಟಿರುವವರಿಗೆ ಕೊಡಬಾರದು. ಹಾಗಾಗಿ ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ನಿಶ್ಚಿಂತರಾಗಿ. ತೀವ್ರ ವಾಂತಿಭೇದಿಯಾದಾಗ ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಅಂಥ ಹೊತ್ತಿನಲ್ಲಿ ವೈದ್ಯರನ್ನು ಕೇಳಿ. ನಿಜವಾಗಿ ಗಮನಿಸಬೇಕಾದದ್ದು ವಿಟಮಿನ್ ಬಿ12. ದೀರ್ಘಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಕಡಿಮೆಯಾಗುತ್ತದೆ, ಸಸ್ಯಾಹಾರಿಗಳಲ್ಲಂತೂ ಅದು ಮೊದಲೇ ಕಡಿಮೆ ಇರುತ್ತದೆ. ಕೈಕಾಲು ಜೋಮು ಹಿಡಿಯುವುದನ್ನೂ ಸುಸ್ತನ್ನೂ ಕಡೆಗಣಿಸಬೇಡಿ.

ಇನ್ನು ಯಾರೂ ಹೇಳದ ಒಂದು ಮಾತು. ಈ ಮಾತ್ರೆಯಿಂದ ಅಂಡೋತ್ಪತ್ತಿ ಮರಳಬಹುದು. ಮುಟ್ಟು ಸರಿಯಿಲ್ಲದ್ದರಿಂದ ಗರ್ಭ ನಿಲ್ಲುವುದಿಲ್ಲ ಎಂದುಕೊಂಡಿದ್ದವರು ಬೇಡದ ಗರ್ಭ ಧರಿಸಿದ ಉದಾಹರಣೆಗಳಿವೆ. ಮೆಟ್‌ಫಾರ್ಮಿನ್ ಗರ್ಭನಿರೋಧಕವಲ್ಲ.

ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. ಪ್ರಯೋಗಾಲಯಗಳು ‘ಪಿಸಿಒಡಿ ಪ್ಯಾಕೇಜ್’ ಎಂದು ಮಾರುವ ಪಟ್ಟಿಯಲ್ಲಿರುವ ಇನ್ಸುಲಿನ್ ಮಟ್ಟದ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ, ಆ ಹಣವನ್ನು ಉಳಿಸಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ಸಕ್ಕರೆ ಅಳೆಯುವ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಬೆಳಗಿನ ಬರಿಹೊಟ್ಟೆಯ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ತೊಂದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ, ಅವುಗಳ ಏರುಪೇರೂ ಮುಟ್ಟನ್ನು ಹೀಗೆಯೇ ಕೆಡಿಸುತ್ತದೆ.

ಪ್ರಶ್ನೆ: ಪಿಸಿಒಡಿ ಇರುವ ನಾನು ಅನ್ನ ಬಿಟ್ಟು ಎರಡೂ ಹೊತ್ತು ರಾಗಿ ಮುದ್ದೆ ತಿನ್ನುತ್ತೇನೆ, ಸಕ್ಕರೆ ಬದಲು ಬೆಲ್ಲ ಹಾಕುತ್ತೇನೆ, ಶನಿವಾರ ಮತ್ತು ಸಂಕಷ್ಟಿಗೆ ಉಪವಾಸ ಮಾಡುತ್ತೇನೆ. ಆದರೂ ತೂಕ ಇಳಿಯುತ್ತಿಲ್ಲ. ಹಾಲು ಮತ್ತು ಗೋಧಿಯನ್ನೂ ಬಿಡಬೇಕೇ?
— ಗೃಹಿಣಿ, ಮಂಡ್ಯ (ಇಂಥದೇ ಪ್ರಶ್ನೆಯನ್ನು ಧಾರವಾಡ ಮತ್ತು ಉಡುಪಿಯ ಓದುಗರೂ ಕೇಳಿದ್ದಾರೆ)

ಉತ್ತರ: ಹಾಲು ಬಿಡಬೇಕಿಲ್ಲ, ಗೋಧಿಯನ್ನೂ ಬಿಡಬೇಕಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಪಿಸಿಒಎಸ್‌ಗೆ ಇಂಥದೇ ಒಂದು ಆಹಾರಕ್ರಮ ಉಳಿದವುಗಳಿಗಿಂತ ಮೇಲು ಎನ್ನಲು ಆಧಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕೀಟೊ, ಗ್ಲೂಟೆನ್ ಇಲ್ಲದ ಊಟ, ಹದಿನಾರು ಗಂಟೆಯ ಉಪವಾಸ, ಇವುಗಳಲ್ಲಿ ಯಾವುದೂ ಪಿಸಿಒಎಸ್‌ನ ಮದ್ದಲ್ಲ. ವರ್ಷಗಟ್ಟಲೆ ತಿನ್ನಲು ಬೇಸರವಾಗದ ಊಟವೇ ಬೇಕು, ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ತೊಡಕಿರುವುದು ಅಳತೆಯಲ್ಲಿ.

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ಜೋಳ ಇವೆರಡರ ನಡುವೆ ನಿಲ್ಲುತ್ತದೆ. ಶಕ್ತಿಯ ಲೆಕ್ಕದಲ್ಲಿ ಇವು ಹತ್ತಿರದ ಬಂಧುಗಳು. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಬಹಳ ಹೆಚ್ಚು, ಆದ್ದರಿಂದ ಅದನ್ನು ತಿನ್ನುವುದು ಒಳ್ಳೆಯದೇ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೊಂದಕ್ಕೆ ನೂರು ಗ್ರಾಂ ಹಿಟ್ಟು ಬೀಳುತ್ತದೆ. ಎರಡು ಮುದ್ದೆ ತಿಂದು, ಅದರ ಮೇಲೆ ‘ಸ್ವಲ್ಪ’ ಅನ್ನ ಕಲಸಿದರೆ, ಬಿಟ್ಟ ಅನ್ನ ಬೇರೆ ರೂಪದಲ್ಲಿ ತಟ್ಟೆಗೆ ಮರಳಿದಂತೆಯೇ. ಹಿಂದೆ ಎರಡು ಮುದ್ದೆ ಉಂಡವರು ದಿನವಿಡೀ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದರು ಎಂಬುದನ್ನು ನಾವು ಮರೆತುಬಿಡುತ್ತೇವೆ. ಬೆಲ್ಲವನ್ನು ಕುರಿತು ಹೆಚ್ಚು ಹೇಳುವುದಿಲ್ಲ: ರುಚಿ ಬೇರೆ, ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಇನ್ಸುಲಿನ್ನಿಗೆ ಅವೆರಡರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮ ಊಟದಲ್ಲಿ ನಿಜವಾಗಿ ಕೊರತೆಯಿರುವುದು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಬೇಕು, 60 ಕೆ.ಜಿ.ಯವರಿಗೆ ಅದು 50 ಗ್ರಾಂ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ ಎಂದು ಉಂಡವರಿಗೆ ಅಷ್ಟು ದೊರೆಯುವುದಿಲ್ಲ. ಪ್ರೋಟೀನ್ ಕಡಿಮೆಯಾದರೆ ಬೇಗ ಹಸಿವಾಗುತ್ತದೆ, ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಮೂವತ್ತು ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳು ಬೇಯಿಸಿದರೆ ಆರೇಳು ಗ್ರಾಂ, ಇನ್ನೂರು ಗ್ರಾಂ ಮೊಸರಿನಲ್ಲಿ 6 ಗ್ರಾಂ, ನೂರು ಗ್ರಾಂ ಮೀನಿನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ.

ಹಾಗಾಗಿ ಮುದ್ದೆಯನ್ನು ನಿಂಬೆಗಾತ್ರಕ್ಕೆ ಇಳಿಸಿ ನರಳಬೇಡಿ. ಅರ್ಧ ಮುದ್ದೆ ಇಡಿ, ಬಸ್ಸಾರನ್ನು ಸೊಪ್ಪು ಮತ್ತು ಕಾಳಿನ ಪಲ್ಯದ ಸಮೇತ ಧಾರಾಳವಾಗಿ ಹಾಕಿಕೊಳ್ಳಿ; ಕಾಳು ಬಸಿದ ನೀರನ್ನಷ್ಟೇ ಸುರಿದುಕೊಂಡು ಕಾಳನ್ನು ಮನೆಯ ಗಂಡಸರಿಗೆ ಬಡಿಸುವ ರೂಢಿ ಇದ್ದರೆ ಅದನ್ನು ಬಿಡಿ. ಧಾರವಾಡದವರಿಗೆ ಎರಡು ಜೋಳದ ರೊಟ್ಟಿ, ಮಡಿಕೆಕಾಳಿನ ಅಥವಾ ಬೇಳೆಯ ಪಲ್ಯ, ಹಸಿ ಮೆಂತ್ಯ, ಸೌತೆ, ಮೊಸರು ಸಾಕು. ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆ ಮತ್ತು ಚಮಚಗಟ್ಟಲೆ ಶೇಂಗಾ ಹಿಂಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಉಡುಪಿಯವರು ಕುಚ್ಚಲಕ್ಕಿಯನ್ನು ಬಿಡುವ ಅಗತ್ಯವಿಲ್ಲ. ಅನ್ನ ಒಂದು ಬಟ್ಟಲಾಗಲಿ, ಬಂಗುಡೆ ಅಥವಾ ಭೂತಾಯಿಯನ್ನು ಹುರಿಯುವ ಬದಲು ಸಾರು ಮಾಡಿ, ತೆಂಗಿನ ಅರಪನ್ನು ಅರ್ಧಕ್ಕೆ ಇಳಿಸಿ. ಬೆಳಗಿನ ಉಪ್ಪಿಟ್ಟು, ಅವಲಕ್ಕಿಗೆ ತರಕಾರಿ ಮತ್ತು ಮೊಳಕೆಕಾಳನ್ನು ಸರಿಸಮವಾಗಿ ಬೆರೆಸಿ, ಇಲ್ಲವೇ ಹೆಸರುಬೇಳೆ ದೋಸೆ ಮಾಡಿ. ಕೋಸಂಬರಿಯನ್ನು ರಾಮನವಮಿಗೆ ಮೀಸಲಿಡಬೇಕೆಂಬ ನಿಯಮವೇನೂ ಇಲ್ಲ.

ತೂಕ ಇಳಿಯಲು ಈಗ ತಿನ್ನುತ್ತಿರುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಬೇಕು, ಅದಕ್ಕಿಂತ ಬಹಳ ಕೆಳಗಿಳಿಯುವುದು ಬೇಡ. ಅದನ್ನು ಊಟದಲ್ಲಿ ಹುಡುಕುವ ಮೊದಲು ಇತರ ಕಡೆ ಹುಡುಕಿ. ಎರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿಯಲ್ಲಿ ಸಕ್ಕರೆಯದ್ದೇ 160 ಕ್ಯಾಲೊರಿ. ಒಗ್ಗರಣೆಯ ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120. ನಾಲ್ವರ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಎಣ್ಣೆ ಸಾಕು, ಐದು ಲೀಟರಿನ ಡಬ್ಬ ತಿಂಗಳೊಳಗೆ ಮುಗಿಯುತ್ತಿದ್ದರೆ ಉತ್ತರ ಅಲ್ಲಿಯೇ ಇದೆ. ಸಂಜೆಯ ಬೇಕರಿ ಪಫ್, ನಿಪ್ಪಟ್ಟು, ಖಾರದ ಕಡ್ಲೆಕಾಯಿಯನ್ನು ನೀವು ಪತ್ರದಲ್ಲಿ ಬರೆದಿಲ್ಲ. ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಉಪವಾಸ ನಿಮ್ಮ ಶ್ರದ್ಧೆಗೆ ಸೇರಿದ್ದು, ಮಾಡಿ. ಆದರೆ ಅಂದಿನ ಫಲಾಹಾರ ಸಬ್ಬಕ್ಕಿ ಖಿಚಡಿ, ಸಿಹಿ ಅವಲಕ್ಕಿ, ಬಾಳೆಹಣ್ಣಿನ ರಸಾಯನವಾದರೆ ಅದು ಮಾಮೂಲಿ ಊಟಕ್ಕಿಂತ ಭಾರವಾಗುತ್ತದೆ. ಸಬ್ಬಕ್ಕಿಯಂತೂ ಬಹುತೇಕ ಬರಿಯ ಪಿಷ್ಟ. ಹಬ್ಬದ ದಿನದ ಒಂದು ಒಬ್ಬಟ್ಟಿನಿಂದ ಏನೂ ಕೆಡುವುದಿಲ್ಲ, ಅದನ್ನು ತಿಂದದ್ದಕ್ಕಾಗಿ ಮರುದಿನ ಪಟ್ಟು ಹಿಡಿದು ಹಸಿದಿರುವುದು ಕೆಡಿಸುತ್ತದೆ.

ನಡಿಗೆ, ಸೈಕಲ್, ಈಜು, ಯಾವುದಾದರೂ ಆಗಲಿ, ಉಸಿರು ಸ್ವಲ್ಪ ಏರುವಷ್ಟು ಬಿರುಸಿನ ಚಟುವಟಿಕೆ ವಾರಕ್ಕೆ 150ರಿಂದ 300 ನಿಮಿಷ ಬೇಕು. ತೂಕ ಇಳಿಸುವ ಉದ್ದೇಶವಿದ್ದರೆ 250 ನಿಮಿಷದ ಹತ್ತಿರವಿರಲಿ. ಅದರ ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಮಾಡಿ. ನಮ್ಮ ಹೆಂಗಸರು ನಡಿಗೆಯನ್ನು ಒಪ್ಪುತ್ತಾರೆ, ಭಾರ ಎತ್ತುವುದೆಂದರೆ ಗಂಡಸರ ಕೆಲಸವೆಂದು ಹಿಂಜರಿಯುತ್ತಾರೆ. ಆದರೆ ಊಟದ ಬಳಿಕ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ ಆದ್ದರಿಂದ ಇನ್ಸುಲಿನ್ ತೊಂದರೆಗೆ ಅದು ನೇರವಾಗಿ ನಾಟುವ ಚಿಕಿತ್ಸೆ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಋತುಮತಿಯಾಗಿ ಮೂರು ವರ್ಷ ಕಳೆದಿದೆ. ಐವತ್ತು ಅರವತ್ತು ದಿನಕ್ಕೊಮ್ಮೆ ಮುಟ್ಟಾಗುತ್ತಾಳೆ. ಸ್ಕ್ಯಾನಿನಲ್ಲಿ ಪಿಸಿಒಡಿ ಎಂದು ಬಂದಿದೆ. ದಪ್ಪಗಿದ್ದಾಳೆ, ಎಷ್ಟು ಹೇಳಿದರೂ ಬಾಯಿ ಕಟ್ಟುವುದಿಲ್ಲ. ಈಗಲೇ ಮಾತ್ರೆ ಶುರು ಮಾಡಬೇಕೇ?
— ತಾಯಿ, ಶಿವಮೊಗ್ಗ

ಉತ್ತರ: ಸ್ಕ್ಯಾನಿನ ವರದಿಯನ್ನು ಸದ್ಯ ಪಕ್ಕಕ್ಕಿಡಿ. ಋತುಮತಿಯಾಗಿ ಎಂಟು ವರ್ಷ ತುಂಬುವವರೆಗೆ ಪಿಸಿಒಎಸ್ ಗುರುತಿಸಲು ಸ್ಕ್ಯಾನ್ ಬಳಸಬಾರದು, ಏಕೆಂದರೆ ಆ ವಯಸ್ಸಿನಲ್ಲಿ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣಬಹುದು. ವಯಸ್ಕರಲ್ಲಿ ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕಾಣುವ ಕಿರುಚೀಲಗಳು ಎಂಬ ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಸಾಕು. ಹದಿಹರೆಯದವರಲ್ಲಿ ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನು ಹೆಚ್ಚಿರುವ ಲಕ್ಷಣ, ಎರಡೂ ಇರಲೇಬೇಕು. ಮೂರು ವರ್ಷ ಕಳೆದ ಮೇಲೆ 35 ದಿನಕ್ಕಿಂತ ಹೆಚ್ಚು ಅಂತರ ಸಹಜವಲ್ಲವಾದ್ದರಿಂದ ಮೊದಲನೆಯದು ನಿಮ್ಮ ಮಗಳಲ್ಲಿದೆ. ಮುಖದಲ್ಲಿ ಒರಟು ಕೂದಲು, ತೀವ್ರ ಮೊಡವೆ ಇವೆಯೇ, ರಕ್ತದಲ್ಲಿ ಟೆಸ್ಟೊಸ್ಟಿರೋನ್ ಏರಿದೆಯೇ ಎಂಬುದನ್ನು ವೈದ್ಯರು ನೋಡಲಿ. ಎರಡನೆಯದು ಇಲ್ಲದಿದ್ದರೆ ಅವಳಿಗೆ ರೋಗದ ಹಣೆಪಟ್ಟಿ ಹಚ್ಚದೆ, ಮುಟ್ಟಿಗೆ ಬೇಕಾದ ಚಿಕಿತ್ಸೆ ಕೊಡುತ್ತಾ ಕೆಲವು ವರ್ಷ ಗಮನಿಸಿ ಮತ್ತೆ ಪರೀಕ್ಷಿಸುವುದು ಕ್ರಮ. ಮಾತ್ರೆ ಬೇಕೋ ಬೇಡವೋ ಎಂಬುದು ಆ ನಂತರದ ಮಾತು. ಹದಿಹರೆಯದವರಿಗೂ ಮೆಟ್‌ಫಾರ್ಮಿನ್ ಕೊಡುವುದುಂಟು, ಆದರೆ ದಿನಕ್ಕೆ 2 ಗ್ರಾಂ ಮೀರಿ ಅಲ್ಲ.

‘ಬಾಯಿ ಕಟ್ಟುವುದಿಲ್ಲ’ ಎಂಬ ಮಾತು ನನಗೆ ಹಿಡಿಸಲಿಲ್ಲ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ, ಮುಚ್ಚಿಟ್ಟು ತಿನ್ನುವಂಥ ತೊಂದರೆಗಳು ಹೆಚ್ಚು. ತಟ್ಟೆಯ ಮುಂದೆ ಕುಳಿತ ಹುಡುಗಿಗೆ ಅತ್ತೆ, ಚಿಕ್ಕಮ್ಮ, ಅಕ್ಕಪಕ್ಕದವರೆಲ್ಲ ಅವಳ ಮೈ ಕುರಿತು ಹೇಳುವುದರಿಂದ ಅವು ಇನ್ನಷ್ಟು ಬಲಿಯುತ್ತವೆ. ಅವಳೊಬ್ಬಳಿಗೆ ಪಥ್ಯ ಮಾಡಿಸಬೇಡಿ. ಮನೆಯವರೆಲ್ಲರ ಅಡುಗೆಯನ್ನು ಮೇಲೆ ಹೇಳಿದಂತೆ ಬದಲಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಆಟವನ್ನೂ ನಿದ್ದೆಯನ್ನೂ ನಿಲ್ಲಿಸಿಬಿಟ್ಟಿದ್ದರೆ ಅವೆರಡನ್ನೂ ಅವಳಿಗೆ ಹಿಂದಿರುಗಿಸಿ.

ಪ್ರಶ್ನೆ: ಮುಟ್ಟು ಸರಿಯಾಗಲೆಂದು ವೈದ್ಯರು ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದಾರೆ. ನನಗಿನ್ನೂ ಮದುವೆಯಾಗಿಲ್ಲ. ಈ ಮಾತ್ರೆಯಿಂದ ದಪ್ಪಗಾಗುತ್ತೇನೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಹೇಳುತ್ತಾರೆ.
— 24 ವರ್ಷದ ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ನಿಜವಲ್ಲ. ಇಂದಿನ ಕಡಿಮೆ ಪ್ರಮಾಣದ ಮಾತ್ರೆಗಳಿಂದ ತೂಕ ಗಮನಾರ್ಹವಾಗಿ ಏರುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಗರ್ಭಧಾರಣೆಗೆ ಅದರಿಂದ ಅಡ್ಡಿಯಾಗುವುದಿಲ್ಲ. ಮದುವೆಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಆದರೆ ಈ ಮಾತ್ರೆ ಪಿಸಿಒಎಸ್ ಅನ್ನು ಗುಣಪಡಿಸುವುದೂ ಇಲ್ಲ, ತೂಕ ಇಳಿಸುವುದೂ ಇಲ್ಲ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ, ವರ್ಷಗಳ ಬಳಿಕ ಕ್ಯಾನ್ಸರಿಗೆ ಎಡೆಯಾಗಬಹುದು. ಅದನ್ನು ತಡೆಯುವುದು, ಮೊಡವೆ ಮತ್ತು ಬೇಡದ ಕೂದಲನ್ನು ತಗ್ಗಿಸುವುದು ಇದರ ಕೆಲಸ. ಕೂದಲಿನಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು.

ಮಾತ್ರೆ ಆರಂಭಿಸುವ ಮೊದಲು ರಕ್ತದೊತ್ತಡ ನೋಡಿಸಿ. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ತಲೆನೋವು, ನಿಮಗೆ ಅಥವಾ ಮನೆಯಲ್ಲಿ ಹತ್ತಿರದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಧೂಮಪಾನ, ಇವು ಇದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಅಂಥವರಿಗೆ ಈ ಮಾತ್ರೆಯ ಬದಲು, ಎರಡು ಮೂರು ತಿಂಗಳಿಗೊಮ್ಮೆ ಕೆಲವು ದಿನ ಪ್ರೊಜೆಸ್ಟೆರೋನ್ ಕೊಟ್ಟು ಮುಟ್ಟು ಬರಿಸಬಹುದು.

ಪ್ರಶ್ನೆ: ನನಗೆ 33 ವರ್ಷ, ತೂಕ 88 ಕೆ.ಜಿ. ವರ್ಷದೊಳಗೆ ಮಗು ಬೇಕು. ತೂಕ ಇಳಿಸಿಕೊಂಡೇ ಬನ್ನಿ ಎಂದು ವೈದ್ಯರೊಬ್ಬರು ಕಳಿಸಿಬಿಟ್ಟರು. ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು ಸಹೋದ್ಯೋಗಿಯೊಬ್ಬರು ಹದಿನೈದು ಕೆ.ಜಿ. ಇಳಿದಿದ್ದಾರೆ. ನಾನೂ ತೆಗೆದುಕೊಳ್ಳಬಹುದೇ?
— ಓದುಗರು, ಬೆಂಗಳೂರು

ಉತ್ತರ: ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಎಂಬ ಈ ಇಂಜೆಕ್ಷನ್ನುಗಳು ವೆಗೋವಿ, ಮೌಂಜಾರೊ ಎಂಬ ಹೆಸರಿನಲ್ಲಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕರುಳಿನ ಹಾರ್ಮೋನುಗಳನ್ನು ಅನುಕರಿಸಿ ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ತಡವಾಗಿ ಖಾಲಿಯಾಗುವಂತೆ ಮಾಡುತ್ತವೆ. ಪರಿಣಾಮ ದೊಡ್ಡದೇ: 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು. ಆದರೆ ಅದು ಬೊಜ್ಜಿರುವವರನ್ನು ಕುರಿತ ಪ್ರಯೋಗ, ಪಿಸಿಒಎಸ್ ಇರುವವರನ್ನಷ್ಟೇ ಕುರಿತದ್ದಲ್ಲ. ಪಿಸಿಒಎಸ್‌ನಲ್ಲಿ ಬೊಜ್ಜಿರುವವರಿಗೆ ಇವನ್ನು ಪರಿಗಣಿಸಬಹುದು ಎಂದಷ್ಟೇ ಮಾರ್ಗಸೂಚಿ ಹೇಳುತ್ತದೆ. ಓಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಅಪರೂಪಕ್ಕೆ ಬರಬಹುದು. ನಿಲ್ಲಿಸಿದರೆ ತೂಕ ಮರಳುತ್ತದೆ: ಅದೇ ಪ್ರಯೋಗದವರನ್ನು ಔಷಧ ನಿಲ್ಲಿಸಿದ ಮೇಲೂ ಗಮನಿಸಿದಾಗ, ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಹಿಂದಿರುಗಿತ್ತು.

ನಿಮ್ಮ ಪ್ರಶ್ನೆಯ ಕೀಲು ಬೇರೆಡೆ ಇದೆ. ಈ ಔಷಧಗಳನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು. ತೆಗೆದುಕೊಳ್ಳುತ್ತಿರುವಾಗ ಗರ್ಭನಿರೋಧಕ ಬಳಸಬೇಕು. ಟಿರ್ಜೆಪಟೈಡ್ ಆರಂಭಿಸಿದಾಗ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಬಾಯಿಯ ಮೂಲಕ ತೆಗೆದುಕೊಳ್ಳುವ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಸೆಮಾಗ್ಲುಟೈಡ್ ಅನ್ನು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳ ಮುಂಚೆ ನಿಲ್ಲಿಸಬೇಕು. ನಿಧಾನವಾಗಿ ಪ್ರಮಾಣ ಏರಿಸಿ ಪರಿಣಾಮ ಕಾಣಲು ಬೇಕಾದ ತಿಂಗಳುಗಳನ್ನೂ ಇದಕ್ಕೆ ಕೂಡಿಸಿದರೆ ನಿಮ್ಮ ವರ್ಷ ಅಲ್ಲಿಗೇ ಮುಗಿಯುತ್ತದೆ. ಮೂವತ್ತಮೂರನೆಯ ವಯಸ್ಸಿನಲ್ಲಿ ಒಂದು ವರ್ಷ ಕಾಯುವುದು ನಷ್ಟವೋ ಲಾಭವೋ ಎಂಬುದನ್ನು ಸ್ತ್ರೀರೋಗ ತಜ್ಞರು ಮತ್ತು ಹಾರ್ಮೋನು ತಜ್ಞರು ನಿಮ್ಮೊಂದಿಗೆ ಕುಳಿತು ತೂಗಿ ನೋಡಬೇಕು. ‘ತೂಕ ಇಳಿಸಿಕೊಂಡು ಬನ್ನಿ’ ಎಂದು ಬಾಗಿಲು ಹಾಕುವುದನ್ನು ಚಿಕಿತ್ಸೆ ಎನ್ನಲಾಗದು.

ನಾನಾದರೆ ಎರಡನ್ನೂ ಜೊತೆಯಾಗಿ ನಡೆಸುವ ಕಡೆಗೆ ವಾಲುತ್ತೇನೆ: ಮೂರು ನಾಲ್ಕು ತಿಂಗಳು ಊಟ ಮತ್ತು ವ್ಯಾಯಾಮದಿಂದ ನಾಲ್ಕೈದು ಕೆ.ಜಿ. ಇಳಿಸುವ ಪ್ರಯತ್ನ, ಅಷ್ಟರಲ್ಲಿ ಗ್ಲೂಕೋಸ್, ರಕ್ತದೊತ್ತಡ ಮತ್ತು ಥೈರಾಯ್ಡ್ ಪರೀಕ್ಷೆ, ಪತಿಯ ವೀರ್ಯ ಪರೀಕ್ಷೆ, ಫೋಲಿಕ್ ಆಮ್ಲದ ಮಾತ್ರೆ. ಆಮೇಲೆ ಅಂಡೋತ್ಪತ್ತಿಗೆ ಲೆಟ್ರೊಜೋಲ್. ಪಿಸಿಒಎಸ್‌ನಲ್ಲಿ ಅಂಡೋತ್ಪತ್ತಿಗೆ ಮೊದಲ ಆಯ್ಕೆ ಈಗ ಅದೇ. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ. 27.5, ಹಳೆಯ ಕ್ಲೊಮಿಫೀನ್ ಪಡೆದವರಲ್ಲಿ ಶೇ. 19.1 ಮಹಿಳೆಯರಿಗೆ ಮಗುವಾಯಿತು. ಇದನ್ನು ಬಂಜೆತನದ ಚಿಕಿತ್ಸೆಗೆ ಬಳಸುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತ್ತು, ಆ ನಿಷೇಧವನ್ನು ಆಮೇಲೆ ಹಿಂತೆಗೆದುಕೊಂಡಿದೆ. ಹಳೆಯ ಸುದ್ದಿಯನ್ನು ಓದಿ ಯಾರಾದರೂ ಹೆದರಿಸಿದರೆ ಇದು ನೆನಪಿರಲಿ.

ಪ್ರಶ್ನೆ: ನನ್ನ ತೂಕ 48 ಕೆ.ಜಿ., ಎತ್ತರ 158 ಸೆಂ.ಮೀ. ವರ್ಷಕ್ಕೆ ಮೂರು ಸಲ ಮಾತ್ರ ಮುಟ್ಟಾಗುತ್ತದೆ. ಪಿಸಿಒಎಸ್ ಎಂದು ಖಚಿತವಾಗಿದೆ. ತೂಕ ಇಳಿಸಿ ಎಂದು ಎಲ್ಲ ಕಡೆ ಬರೆದಿರುವುದನ್ನು ಓದಿ ಊಟ ಕಡಿಮೆ ಮಾಡಿದ್ದೇನೆ. ಇನೋಸಿಟಾಲ್ ಪುಡಿಯನ್ನೂ ತರಿಸಿದ್ದೇನೆ.
— ಓದುಗರು, ಕಾರವಾರ

ಉತ್ತರ: ಊಟವನ್ನು ಇಂದೇ ಮೊದಲಿನಷ್ಟು ಮಾಡಿ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 19ರ ಆಸುಪಾಸಿನಲ್ಲಿದೆ, ಇಳಿಸಲು ಅಲ್ಲಿ ಏನೂ ಇಲ್ಲ. ಊಟ ಕಡಿಮೆ ಮಾಡಿದರೆ ಮಿದುಳೇ ಮುಟ್ಟನ್ನು ನಿಲ್ಲಿಸಿ ಈಗಿರುವ ತೊಂದರೆಯ ಮೇಲೆ ಇನ್ನೊಂದು ತೊಂದರೆ ಕೂಡುತ್ತದೆ. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ, ಇನ್ಸುಲಿನ್ ತೊಂದರೆಯೂ ಇರಬಹುದು. ಆದ್ದರಿಂದ ನಿಮಗೆ ಬೇಕಾದದ್ದು ಎರಡು ಗಂಟೆಯ ಗ್ಲೂಕೋಸ್ ಪರೀಕ್ಷೆ, ಸ್ನಾಯು ಬಲಪಡಿಸುವ ವ್ಯಾಯಾಮ, ಮೇಲೆ ಹೇಳಿದಂತೆ ಪ್ರೋಟೀನ್ ತುಂಬಿದ ಹೊಟ್ಟೆತುಂಬ ಊಟ. ಪಿಸಿಒಎಸ್‌ಗೆಂದು ಮಾರುವ ಇನೋಸಿಟಾಲ್ ಎಂಬ ಪೂರಕದಿಂದ ಹಾನಿ ಕಡಿಮೆ, ಪ್ರಯೋಜನದ ಆಧಾರವೂ ತೆಳು. ತರಿಸಿದ್ದನ್ನು ಮುಗಿಸಿ, ಮತ್ತೆ ಹಣ ಹಾಕುವ ಮೊದಲು ಯೋಚಿಸಿ. ವರ್ಷಕ್ಕೆ ಮೂರೇ ಮುಟ್ಟು ಎಂಬುದನ್ನು ಮಾತ್ರ ಹಾಗೆಯೇ ಬಿಡುವಂತಿಲ್ಲ. ಹುಬ್ಬಳ್ಳಿಯ ಓದುಗರಿಗೆ ಹೇಳಿದ ಗರ್ಭಕೋಶದ ಒಳಪದರದ ರಕ್ಷಣೆ ನಿಮಗೂ ಬೇಕು. ಕೊನೆಯ ಮುಟ್ಟಾಗಿ 90 ದಿನ ಕಳೆದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಂಡು ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿರಿ.